ಸಾಕ್ಷಿಗೆ ಹಿರಿಯರು, ಚಹಾಕ್ಕೆ ನಾವು

ಕಳೆದ ವಾರ ಗದ್ವಾಲದಲ್ಲಿ ಒಬ್ಬ ಹಿರಿಯರು ನನ್ನ ಬಸ್ ಟಿಕೆಟ್ ಮೇಲೆ ಸಹಿ ಮಾಡಿಕೊಟ್ಟರು.

ನಾನೇನೂ ಕೇಳಿರಲಿಲ್ಲ. ಆಧಾರ್ ಕಾರ್ಡನ್ನು ಪರ್ಸಿಗೆ ತುರುಕುವಾಗ ಟಿಕೆಟ್ ಜಾರಿ ಅವರೆದುರಿನ ಸ್ಟೂಲಿನ ಮೇಲೆ ಬಿತ್ತು. (ತೆಲಂಗಾಣದಲ್ಲಿ ಹೆಂಗಸರಿಗೆ ಬಸ್ಸು ಪುಕ್ಕಟೆ. ಆದರೂ ಕಂಡಕ್ಟರು ಸೊನ್ನೆ ರೂಪಾಯಿ ಎಂದು ಅಚ್ಚಾದ ಟಿಕೆಟ್ ಕೈಗಿಡುತ್ತಾನೆ. ಅದನ್ನು ಕಳೆದುಕೊಂಡರೆ ಬೈಯುತ್ತಾನೆ.) ಹಿರಿಯರು ಜೇಬಿನಿಂದ ಪೆನ್ನು ತೆಗೆದರು. ಟಿಕೆಟನ್ನು ಎಡಗೈಯಿಂದ ಸವರಿ ನೆಟ್ಟಗೆ ಮಾಡಿದರು. ಕೈ ಒಂದಿಷ್ಟೂ ನಡುಗಲಿಲ್ಲ. ಮುತ್ತಿನಂಥ ಅಕ್ಷರದಲ್ಲಿ ಸಹಿ ಮಾಡಿ, ಕೆಳಗೊಂದು ಗೆರೆ ಎಳೆದು, ನನಗೆ ಚಾಚಿದರು.

"ತಗೋರಿ. ಇನ್ನೇನರ ಐತೇನು?"

ನಗು ಬರಬೇಕಿತ್ತು. ಬರಲಿಲ್ಲ. ನನ್ನ ಪಕ್ಕದಲ್ಲಿ ಕುಳಿತ ಮಾದೇವಿಯೂ ನಗಲಿಲ್ಲ. ಅವಳ ಮನೆ ಉಳಿಯುತ್ತದೋ ಹೋಗುತ್ತದೋ ಎಂಬುದು ಇದೇ ಸಹಿಯ ಮೇಲೆ, ಇದೇ ಮನುಷ್ಯರ ನೆನಪಿನ ಮೇಲೆ ನಿಂತಿತ್ತು.

ಮೊದಲಿನಿಂದ ಹೇಳುತ್ತೇನೆ. ಸಿಟ್ಟಿನಲ್ಲಿ ಬರೆಯುತ್ತಿದ್ದೇನೆ, ಒಂದಿಷ್ಟು ಹಿಂದುಮುಂದಾದರೆ ಸಹಿಸಿಕೊಳ್ಳಿ.

ನನ್ನ ತವರು ನಾರಾಯಣಪೇಟೆಯ ನೇಕಾರರ ಓಣಿ ಎಂದು ಈ ಅಂಕಣ ಓದುವ ನಿಮಗೆ ಹೊಸದಾಗಿ ಹೇಳಬೇಕಿಲ್ಲ. ಮದುವೆಯಾಗಿ ಮಕ್ತಲಕ್ಕೆ ಬಂದರೂ ನನ್ನ ಅರ್ಧ ಮಾತು ಆ ಓಣಿಯಲ್ಲೇ ಸುತ್ತುತ್ತದೆ. ನಮ್ಮವ್ವ ಇನ್ನೂ ಅಲ್ಲೇ ಇದ್ದಾಳೆ. ನಮ್ಮವ್ವನ ಮನೆಗೆ ಗೋಡೆ ಹಚ್ಚಿದ ಮನೆ ಮಲ್ಲಪ್ಪ ಕಾಕಾನದು. ಕಾಕಾ ಎಂದರೆ ಸಂಬಂಧವಲ್ಲ, ಓಣಿಯ ಸಲುಗೆ. ಅವನು ನೇಯ್ದ ಸೀರೆ ಉಟ್ಟೇ ನಾನು ಗಂಡನ ಮನೆಗೆ ಹೋದವಳು.

ಕಾಕಾನ ಹೆಂಡತಿ ಶಂಕ್ರಮ್ಮ. ಉಡಿಕಿ ಮಾಡಿಕೊಂಡು ತಂದ ಹೆಂಡತಿ.

ಉಡಿಕಿ ಗೊತ್ತಲ್ಲ? ಗಂಡ ಸತ್ತವಳಿಗೆ ಇನ್ನೊಬ್ಬ ಸೀರೆ ಉಡಿಸಿ ಮನೆ ತುಂಬಿಸಿಕೊಳ್ಳುವುದು. ಜಾತಿ ಒಪ್ಪುತ್ತದೆ, ಹಿರಿಯರು ಒಪ್ಪುತ್ತಾರೆ, ದೇವರೂ ಒಪ್ಪುತ್ತಾನೆ. ಆದರೆ ವಾಲಗವಿಲ್ಲ, ಹಂದರವಿಲ್ಲ, ಲಗ್ನಪತ್ರಿಕೆಯಿಲ್ಲ. ಫೋಟೋ ಅಂತೂ ಇಲ್ಲವೇ ಇಲ್ಲ. ಸದ್ದಿಲ್ಲದೆ ಆಗುವ ಮದುವೆ. (ಹೆಂಗಸಿಗೆ ಎರಡನೇ ಬದುಕು ಕೊಡುವಷ್ಟು ದೊಡ್ಡ ಮನಸ್ಸು ನಮ್ಮವರಿಗೆ ಇತ್ತು. ಅದನ್ನು ನಾಲ್ಕು ಜನರೆದುರು ಕೊಡುವಷ್ಟು ಇರಲಿಲ್ಲ.)

ಶಂಕ್ರಮ್ಮ ಬರುವಾಗ ಸೊಂಟದ ಮೇಲೆ ಒಂದು ಕೂಸಿತ್ತು. ಅದೇ ಮಾದೇವಿ.

ಮಲ್ಲಪ್ಪ ಕಾಕಾನಿಗೆ ಮುಂದೆ ಸ್ವಂತ ಮಕ್ಕಳಾಗಲಿಲ್ಲ. ಆಗಲಿಲ್ಲ ಎಂಬ ಕೊರಗನ್ನು ನಾನಂತೂ ಆ ಮನೆಯಲ್ಲಿ ಕಾಣಲಿಲ್ಲ. ಮಾದೇವಿ ಅವನನ್ನು ಅಪ್ಪಾ ಎಂದಳು, ಅವನು ಓ ಎಂದ. ಅಷ್ಟರಲ್ಲಿ ಎಲ್ಲ ಮುಗಿಯಿತು. ಶಾಲೆಗೆ ಹೆಸರು ಹಚ್ಚಲು ಹೋದಾಗ ತಂದೆಯ ಹೆಸರೇನು ಎಂದು ಕೇಳಿದರಂತೆ. ಕಾಕಾ ತನ್ನ ಹೆಸರು ಹೇಳಲಿಲ್ಲ. ಸತ್ತುಹೋದ ಅವಳ ಹೆತ್ತಪ್ಪನ ಹೆಸರು ಬರೆಸಿದ.

"ಸತ್ತಾಂವ ಅಂತ ಅವನ ಹೆಸರ ಅಳಸಾಕ ನಾ ಯಾರು?" ಎಂದಿದ್ದನಂತೆ. ನಮ್ಮವ್ವ ಈಗಲೂ ಈ ಮಾತನ್ನು ಕಣ್ಣೊರೆಸಿಕೊಂಡು ಹೇಳುತ್ತಾಳೆ.

ಎಂಥ ದೊಡ್ಡ ಮಾತು! ಆ ಮಾತಿನಿಂದಾಗಿ ಇವತ್ತು ಮಾದೇವಿಯ ಆಧಾರ್‌ನಲ್ಲಿ, ರೇಷನ್ ಕಾರ್ಡಿನಲ್ಲಿ, ವೋಟರ್ ಲಿಸ್ಟಿನಲ್ಲಿ, ಎಲ್ಲಿ ಹುಡುಕಿದರೂ ಮಲ್ಲಪ್ಪ ಎಂಬ ಹೆಸರಿಲ್ಲ. ಮನುಷ್ಯ ಮರ್ಯಾದೆಯಿಂದ ನಡೆದುಕೊಂಡ. ಕಾಗದಗಳು ಅದನ್ನು ಅವನ ಮಗಳ ವಿರುದ್ಧವೇ ತಿರುಗಿಸಿ ಇಟ್ಟುಕೊಂಡವು.

ಮಾದೇವಿಗೆ ಮದುವೆಯಾಗಲಿಲ್ಲ. ಯಾಕೆ ಎಂದು ಕೇಳಬೇಡಿ, ಆಗಲಿಲ್ಲ ಅಷ್ಟೆ. ಅಪ್ಪನ ಜೊತೆ ಮಗ್ಗಕ್ಕೆ ಕುಳಿತಳು. ಅವರದು ಕುಣಿ ಮಗ್ಗ. ನೆಲದಲ್ಲಿ ತಗ್ಗು ತೋಡಿ, ಅದರಲ್ಲಿ ಕಾಲು ಇಳಿಬಿಟ್ಟು ಕುಳಿತು ನೇಯುವ ಮಗ್ಗ. ಮಾದೇವಿಯ ಕಾಲು ಗಿಡ್ಡ. ಅಪ್ಪನ ಕುಣಿಯಲ್ಲಿ ಅವಳ ಪಾದ ಕೆಳಗಿನ ತುಳಿಯುವ ಹಲಗೆಗೆ ಮುಟ್ಟುತ್ತಿರಲಿಲ್ಲ. ಕಾಕಾ ಅವಳ ಕಾಲಿನ ಅಳತೆ ತೆಗೆದುಕೊಂಡು ನಡುಮನೆಯಲ್ಲಿ ಇನ್ನೊಂದು ಕುಣಿ ತೋಡಿಕೊಟ್ಟ. ಅಪ್ಪನದೊಂದು ಕುಣಿ, ಮಗಳದೊಂದು ಕುಣಿ. ಎರಡೂ ಲಾಳಿಗಳ ಸದ್ದು ನಮ್ಮವ್ವನ ಅಡುಗೆಮನೆಗೆ ಕೇಳುತ್ತಿತ್ತು.

ಶಂಕ್ರಮ್ಮ ತೀರಿಕೊಂಡ ಮೇಲೆ ಕಾಕಾನಿಗೆ ಯೋಚನೆ ಹತ್ತಿತು. ತಾನು ಹೋದರೆ ಮಗಳ ಗತಿ? ಕೋಸಗಿಯಲ್ಲಿ ಅವನ ಸತ್ತ ಅಣ್ಣನ ಮಕ್ಕಳಿದ್ದಾರೆ, ಕಿರಾಣಿ ಅಂಗಡಿಯವರು. ಬರುವುದು ಹೋಗುವುದು ಕಡಿಮೆ. ಆದರೆ ರಕ್ತ ರಕ್ತವೇ ತಾನೆ? ಕಾನೂನಿನ ಕಣ್ಣಿಗೆ ಮೊದಲು ಕಾಣುವವರು ಅವರೇ.

ಆದ್ದರಿಂದ ಕಾಕಾ ವೀಲುನಾಮಾ ಬರೆಸಿದ. (ನೀವು ಅದನ್ನು ಉಯಿಲು ಎನ್ನಿ, ಮರಣಶಾಸನ ಎನ್ನಿ. ನಮ್ಮ ಕಡೆ ವೀಲುನಾಮಾ.) ಮನೆ ಅವನು ದುಡಿದು ಕಟ್ಟಿಸಿದ್ದು, ಹಿರಿಯರಿಂದ ಬಂದದ್ದಲ್ಲ. ಯಾರಿಗೆ ಬೇಕಾದರೂ ಬರೆಯಬಹುದಿತ್ತು. ಬರೆದ. ಮಗಳಿಗೆ.

ಇಲ್ಲಿಯವರೆಗೆ ಎಲ್ಲ ಸರಿ. ತಪ್ಪಾದದ್ದು ಮುಂದೆ.

ಅವತ್ತು ನಾನು ತವರಿನಲ್ಲಿದ್ದೆ. ಕಾಕಾ ಬೆಳಿಗ್ಗೆಯೇ ಬಂದು, "ಮಧ್ಯಾಹ್ನ ನಮ್ಮ ಮನ್ಯಾಗ ದೊಡ್ಡೋರು ಬರ್ತಾರ, ನೀನೂ ನಿಮ್ಮವ್ವನೂ ಸ್ವಲ್ಪ ಬರ್ರಿ, ಮಾದೇವಿ ಒಬ್ಬಾಕೀನ ಅದಾಳ," ಎಂದು ಕರೆದಿದ್ದ. ಹೋದೆವು. ನಡುಮನೆಯಲ್ಲಿ ಜಮಖಾನ ಹಾಸಿತ್ತು. ಎರಡು ಕುಣಿಗಳ ಮೇಲೆ ಹಲಗೆ ಮುಚ್ಚಿ ಅದರ ಮೇಲೇ ಕುರ್ಚಿ ಇಟ್ಟಿದ್ದರು. ಒಂದರಲ್ಲಿ ಸಾವ್ಕಾರರು. ನೂಲಿನ ವ್ಯಾಪಾರದವರು, ಓಣಿಯಲ್ಲಿ ಅವರಿಗಿಂತ ಹಿರಿಯರು ಇರಲಿಲ್ಲ. ಇನ್ನೊಂದರಲ್ಲಿ ವೀರಭದ್ರಪ್ಪ ಮಾಸ್ತರು. ಸಣ್ಣವರಿದ್ದಾಗ ಉರ್ದು ಕಲಿತು, ಮನೆಯಲ್ಲಿ ಕನ್ನಡ ಓದಿ, ಜೀವನವೆಲ್ಲ ತೆಲುಗಿನಲ್ಲಿ ಪಾಠ ಹೇಳಿದವರು. ನನಗೂ ಹೇಳಿದ್ದಾರೆ, ಮಾದೇವಿಗೂ ಹೇಳಿದ್ದಾರೆ.

ನಮ್ಮ ಕಡೆ ಇದೊಂದು ಪದ್ಧತಿ. ಏನೇ ದೊಡ್ಡ ಕೆಲಸ ಇರಲಿ, ಮಗುವಿಗೆ ಹೆಸರಿಡುವುದಿರಲಿ, ಹೆಣ್ಣು ಒಪ್ಪುವುದಿರಲಿ, ಬಾವಿಗೆ ಗುದ್ದಲಿ ಹಾಕುವುದಿರಲಿ, ಊರಲ್ಲಿ ಎಲ್ಲರಿಗಿಂತ ವಯಸ್ಸಾದವರನ್ನು ಕರೆದು ಕೂರಿಸುವುದು. ಅವರ ಕೈ ಮುಟ್ಟಿದರೆ ಕೆಲಸಕ್ಕೆ ಗಟ್ಟಿತನ. ವೀಲುನಾಮಾಕ್ಕೂ ಅದನ್ನೇ ಮಾಡಿದರು. ಬರೆಯುವವನಿಗೇ ಎಪ್ಪತ್ತು ದಾಟಿದೆ. ಸಾಕ್ಷಿಗೆ ಅವನಿಗಿಂತ ಹಿರಿಯರನ್ನು ಹುಡುಕಿದರು!

ಯಾರಿಗೂ ಹೊಳೆಯಲಿಲ್ಲ. ವೀಲುನಾಮಾ ಮಾತಾಡುವುದು ಬರೆದವನು ಸತ್ತ ಮೇಲೆ. ಸಾಕ್ಷಿ ಬೇಕಾಗುವುದೂ ಆಮೇಲೆಯೇ. ಅವನಿಗಿಂತ ಮೊದಲೇ ಹೋಗುವ ಸಾಲಿನಲ್ಲಿ ನಿಂತವರನ್ನು ತಂದು ಕೂರಿಸಿದರೆ?

ಮಾಸ್ತರೇ ತಮ್ಮ ಕೈಯಾರೆ ಬರೆದರು. ಓದಿ ಹೇಳಿದರು. "ನನ್ನ ಮಗಳು ಮಾದೇವಿಗೆ" ಎಂಬಲ್ಲಿ ಕಾಕಾ ತಲೆ ಅಲ್ಲಾಡಿಸಿ, "ಹಾಂ, ಹಂಗ ಬರೀರಿ. ಮಗಳು ಅಂತನ ಇರ್ಲಿ," ಎಂದ. ಸಹಿ ಮಾಡಿದ. ಸಾವ್ಕಾರರು ಸಹಿ ಮಾಡಿದರು. ಮಾಸ್ತರು ಸಹಿ ಮಾಡಿ ಕೆಳಗೊಂದು ಗೆರೆ ಎಳೆದರು. ನಾನು ಬಾಗಿಲಲ್ಲಿ ನಿಂತು ಎಲ್ಲವನ್ನೂ ನೋಡಿದೆ. ನಮ್ಮವ್ವ ನೋಡಿದಳು. ಮಾದೇವಿ ನೋಡಿದಳು.

ನಾನೇ ಬಾಯಿ ಹಾಕಿದೆ. "ಮಾಸ್ತರೇ, ನಾನೂ ಒಂದು ಸಹಿ ಹಾಕ್ಲೇನು? ಇರ್ಲಿ, ಮೂರನೇದು."

ಮಾಸ್ತರು ಪ್ರೀತಿಯಿಂದಲೇ ನಕ್ಕರು. "ನಿನಗ್ಯಾಕವಾ ಕೋರ್ಟು ಕಚೇರಿ? ಹೆಣಮಕ್ಕಳು ಯಾಕ ಇದರಾಗ. ನಾವದೀವಲ್ಲ."

ಸಾವ್ಕಾರರು ಕನ್ನಡಕ ಮಡಚುತ್ತ, "ಚಹಾ ಆತೇನವಾ?" ಎಂದರು.

ಚಹಾ ಆಗಿತ್ತು. ನಾನು ಸೋಸಿದೆ, ಮಾದೇವಿ ಕೊಟ್ಟಳು.

ರಿಜಿಸ್ಟ್ರಿ ಮಾಡಿಸಲಿಲ್ಲವೇ ಎನ್ನುತ್ತೀರಿ. ಅದನ್ನೂ ಕೇಳಿದೆ. ಆಫೀಸು ಮಹಡಿಯ ಮೇಲೆ. ಸಾವ್ಕಾರರಿಗೆ ಮೆಟ್ಟಿಲು ಹತ್ತಲು ಆಗದು. ಹತ್ತಲು ಆಗುವವರನ್ನು ಸಾಕ್ಷಿ ಮಾಡಿದರೆ ಸಾವ್ಕಾರರಿಗೆ ಅವಮಾನ. "ಇಷ್ಟು ದೊಡ್ಡೋರು ದಸ್ಕತ್ತು ಹಾಕ್ಯಾರ, ಮ್ಯಾಲೆ ಸರಕಾರದ ಠಸ್ಸೆ ಯಾಕ ಬೇಕು?" ಎಂದ ಕಾಕಾ. ಸಹಿಗೆ ನಮ್ಮಲ್ಲಿ ದಸ್ಕತ್ತು ಎನ್ನುವುದು. ನಿಜಾಮ ಹೋದ, ದಸ್ಕತ್ತು ಉಳಿಯಿತು.

ಮುಂದಿನದನ್ನು ನೀವೇ ಊಹಿಸಬಹುದು. ಸಾವ್ಕಾರರು ಹೋದರು. ಕಾಕಾ ಅವರ ಹೆಣಕ್ಕೆ ಹೆಗಲು ಕೊಟ್ಟು ಬಂದ. ಆಗಲಾದರೂ ಯಾರಿಗಾದರೂ ಹೊಳೆಯಬೇಕಿತ್ತು, ಸತ್ತದ್ದು ಬರೀ ಸಾವ್ಕಾರರಲ್ಲ, ಒಂದು ಸಾಕ್ಷಿ ಎಂದು. ಹೊಳೆಯಲಿಲ್ಲ. ಮಾಸ್ತರನ್ನು ಮಗ ಗದ್ವಾಲಕ್ಕೆ ಕರೆದುಕೊಂಡು ಹೋದ. ಹೋದ ವರ್ಷ ಕಾಕಾನೂ ಹೋದ.

ಕಾಕಾನ ದಿನಕರ್ಮಕ್ಕೆ ಕೋಸಗಿಯವರು ಬಂದು ಉಂಡು ಹೋದರು. ಆಮೇಲೆ ಮುನ್ಸಿಪಾಲಿಟಿಗೆ ಅರ್ಜಿ ಕೊಟ್ಟರು. ಮಲ್ಲಪ್ಪನಿಗೆ ಮಕ್ಕಳಿಲ್ಲ, ವಾರಸುದಾರರು ನಾವೇ, ಮನೆಯಲ್ಲಿರುವ ಹೆಂಗಸು ಯಾರೋ ನಮಗೆ ತಿಳಿಯದು.

ಯಾರೋ ತಿಳಿಯದು! ಇವರ ಮದುವೆಗಳಿಗೆ ಸೀರೆ ನೇಯ್ದುಕೊಟ್ಟವಳು ಅವಳು.

ಮಾದೇವಿ ವೀಲುನಾಮಾದ ಝೆರಾಕ್ಸ್ ಮುನ್ಸಿಪಾಲಿಟಿಗೆ ಕೊಟ್ಟಳು, ಕೋಸಗಿಯವರೂ ಅದನ್ನು ನೋಡಿದರು. ಆಮೇಲೆ ನಾರಾಯಣಪೇಟೆಯಲ್ಲಿ ಒಬ್ಬ ಲಾಯರಮ್ಮನ ಬಳಿ ಹೋದೆವು. ಚಿಕ್ಕ ವಯಸ್ಸು, ಚುರುಕು ಹುಡುಗಿ. ಕಾಗದವನ್ನು ಎರಡು ಸಲ ಓದಿದಳು. ಮೊದಲು ಸಂತೋಷಪಟ್ಟಳು. ಬರಹ ಸ್ಪಷ್ಟ, ಚೆಕ್ಕುಬಂದಿ ಸರಿ, ಎಲ್ಲ ಸರಿ. ಆಮೇಲೆ ಸಾಕ್ಷಿಗಳ ಹೆಸರಿನ ಮೇಲೆ ಬೆರಳಿಟ್ಟಳು.

"ಇವರು ಎಲ್ಲಿ ಅದಾರ್ರೀ?"

"ಒಬ್ಬರು ತೀರಿಕೊಂಡರು."

"ಇನ್ನೊಬ್ಬರು?"

"ಗದ್ವಾಲದಾಗ ಅದಾರ. ವಯಸ್ಸಾಗೇತಿ."

ಲಾಯರಮ್ಮ ಪೆನ್ನು ಕೆಳಗಿಟ್ಟಳು. "ಅಕ್ಕಾ, ತಕರಾರು ಬಂದ ಮ್ಯಾಲೆ ಸಾಕ್ಷಿ ಹಾಕಿದವರೊಳಗ ಒಬ್ಬರಾದ್ರೂ ಕೋರ್ಟಿಗೆ ಬಂದು, ಹೌದು, ಮಲ್ಲಪ್ಪ ನಮ್ಮ ಕಣ್ಣೆದುರಿಗೇ ಬರಸಿ ಸಹಿ ಮಾಡ್ಯಾನ ಅಂತ ಹೇಳಬೇಕ್ರಿ. ಮಾಸ್ತರಿಗೆ ನೆನಪೈತೇನು?"

"ನಾ ಹೇಳ್ತೀನಲ್ಲ," ಎಂದೆ. "ನಾ ಅಲ್ಲೇ ಇದ್ದೆ. ನಮ್ಮವ್ವನೂ ಇದ್ಲು. ಎಲ್ಲ ನೋಡೀವಿ."

"ನಿಮ್ಮ ಸಹಿ ಇದರಾಗ ಎಲ್ಲೈತ್ರಿ?"

ಇರಲಿಲ್ಲ. ಅವಳು ನನ್ನ ಮುಖವನ್ನೇ ನೋಡುತ್ತ, ಎದುರು ಪಾರ್ಟಿಯ ವಕೀಲನ ದನಿ ಮಾಡಿಕೊಂಡು ಕೇಳಿದಳು. "ಅಲ್ಲೇ ಇದ್ರಿ ಅಂತೀರಿ. ಓದಾಕ ಬರಿಯಾಕ ಬಲ್ಲಿರಿ. ಪೇಪರ್‌ನ್ಯಾಗ ಬೇರೆ ಬರೀತೀರಿ. ಮತ್ತ ಸಾಕ್ಷಿ ಯಾಕ ಹಾಕಲಿಲ್ರಿ? ಏನ್ ಮಾಡ್ತಿದ್ರಿ ಅಲ್ಲಿ?"

ಚಹಾ ಸೋಸುತ್ತಿದ್ದೆ ಎನ್ನಲೇ?

"ಹಿಂಗ ಕೇಳ್ತಾರ್ರಿ ಅಕ್ಕಾ," ಎಂದಳು ಮೆಲ್ಲಗೆ. "ನಿಮ್ಮ ಮಾತು ಆಸರಿಗೆ ಆಗತೈತಿ, ಅದೊಂದರ ಮ್ಯಾಲೆ ಕೇಸು ನಿಲ್ಲಂಗಿಲ್ಲ. ಮೊದಲು ಮಾಸ್ತರನ್ನ ನೋಡ್ಕೊಂಡು ಬರ್ರಿ."

ಹೀಗೆ ನಾವು ಗದ್ವಾಲದ ಬಸ್ಸು ಹತ್ತಿದ್ದು. ಜೂರಾಲ ಡ್ಯಾಮಿನ ಮೇಲೆ ಬಸ್ಸು ಹೋಗುವಾಗ ಮಾದೇವಿ ನೀರಿನ ಕಡೆ ಕೈಮುಗಿದಳು. ಕೃಷ್ಣೆಗೆ ನಾನೂ ಮುಗಿದೆ. ದಾರಿಯುದ್ದಕ್ಕೂ ನಾನು ಅವಳಿಗೆ ಧೈರ್ಯ ಹೇಳುತ್ತಿದ್ದೆ. ಮಾಸ್ತರ ತಲೆ ಎಂಥದು, ನಿನಗೆ ಗೊತ್ತಿಲ್ಲವೇ? ಹಾಜರಿಯ ಹೆಸರುಗಳನ್ನು ಪುಸ್ತಕ ನೋಡದೆ ಕೂಗುತ್ತಿದ್ದರು. ಮರೆಯುವ ಮನುಷ್ಯರೇ ಅವರು?

ಮಾಸ್ತರ ಸೊಸೆ ಬಾಗಿಲು ತೆಗೆದಳು. ಒಳ್ಳೆಯ ಹೆಣ್ಣುಮಗಳು. ಒಳಗೆ ಹೋಗುವ ಮೊದಲೇ ದನಿ ತಗ್ಗಿಸಿ ಹೇಳಿದಳು. "ಮಾಮಾರಿಗೆ ಈಗ ಗುರ್ತು ಹತ್ತಂಗಿಲ್ರಿ. ನಾನೂ ಯಾರು ಅಂತ ಕೇಳ್ತಾರ. ಬ್ಯಾಸರ ಮಾಡ್ಕೋಬ್ಯಾಡ್ರಿ."

ಮಾಸ್ತರು ಕಿಟಕಿಯ ಪಕ್ಕ ಕುಳಿತಿದ್ದರು. ಇಸ್ತ್ರಿಯ ಬಿಳಿ ಅಂಗಿ, ಜೇಬಿನಲ್ಲಿ ಪೆನ್ನು. ನೋಡಿದರೆ ಏನೂ ಆಗಿಲ್ಲ. ನಾನು ಕಾಲು ಮುಟ್ಟಿ ನಮಸ್ಕರಿಸಿದೆ, ಹೆಸರು ಹೇಳಿದೆ. ಗುರುತು ಹಿಡಿಯಲಿಲ್ಲ. ವಡ್ಡೆಪಲ್ಲಿಯಿಂದ ಬಂದಿರೇನು ಎಂದರು. ಅಲ್ಲಿ ಅವರ ಮೊದಲ ನೌಕರಿಯಿತ್ತಂತೆ. ಅಲ್ಲಿಯ ಶಾಲೆಯ ಹುಣಸೇಮರ ಕಡಿದರೇನು ಎಂದು ವಿಚಾರಿಸಿದರು. ನಾನು ಇಲ್ಲ ಎಂದೆ. (ನನಗೇನು ಗೊತ್ತು?)

ಆಮೇಲೆ ಮಾದೇವಿಯನ್ನು ನೋಡಿದರು. ಬಹಳ ಹೊತ್ತು ನೋಡಿದರು.

"ನೀನು ಮಲ್ಲಪ್ಪನ ಮಗಳಲ್ಲೇನು?"

ಮಾದೇವಿ ಅಲ್ಲೇ ನೆಲಕ್ಕೆ ಕುಸಿದು ಕುಳಿತಳು. ಅವರ ಮೊಣಕಾಲಿಗೆ ತಲೆಯಿಟ್ಟು ಬಿಕ್ಕಿ ಬಿಕ್ಕಿ ಅತ್ತಳು. ಅಪ್ಪ ಸತ್ತಾಗಲೂ ಅವಳು ಹಾಗೆ ಅತ್ತದ್ದನ್ನು ನಾನು ನೋಡಿರಲಿಲ್ಲ. ಮಾಸ್ತರು ಅವಳ ತಲೆ ಸವರಿದರು. "ಯಾಕ ಅಳ್ತಿ? ಲೆಕ್ಕ ಬರಲಿಲ್ಲೇನು? ಅಪ್ಪ ಹೆಂಗದಾನ? ಬರಾಕ ಹೇಳು."

ನನಗೆ ಆಸೆ ಹುಟ್ಟಿತು. ಯಾರಿಗೆ ಹುಟ್ಟುವುದಿಲ್ಲ? ಕಾಗದದ ಝೆರಾಕ್ಸ್ ತೆಗೆದು ಅವರ ಮುಂದಿಟ್ಟೆ. "ಮಾಸ್ತರೇ, ಇದು ನಿಮ್ಮ ಕೈಬರಹ. ಮಲ್ಲಪ್ಪ ಕಾಕಾನ ಮನ್ಯಾಗ ಬರದ್ರಿ. ಸಾವ್ಕಾರರೂ ಇದ್ರು. ನೆನಪೈತ್ರೇನು?"

ಓದಿದರು. ಗಟ್ಟಿಯಾಗಿ, ಒಂದಕ್ಷರ ತಪ್ಪದೆ, ಪಾಠ ಓದಿದ ಹಾಗೆ ಓದಿದರು. ಕೊನೆಗೆ ತಲೆ ಎತ್ತಿ, "ಅಕ್ಷರ ಚಲೋ ಅವ. ಯಾರು ಬರದಾರ?" ಎಂದರು.

ಆಮೇಲೆ ಪೆನ್ನು ತೆಗೆದು ಝೆರಾಕ್ಸ್ ಮೇಲೆ ಸಹಿ ಮಾಡಿದರು. ಪಕ್ಕದಲ್ಲಿದ್ದ ಪೇಪರಿನ ಮೇಲೆ ಮಾಡಿದರು. ನನ್ನ ಟಿಕೆಟ್ ಮೇಲೆ ಮಾಡಿದರು. ಒಂದರ ಕೆಳಗೂ ಗೆರೆ ಎಳೆಯುವುದನ್ನು ಮರೆಯಲಿಲ್ಲ.

"ಹಿಂಗ್ರಿ," ಎಂದಳು ಸೊಸೆ. "ಏನು ಮುಂದಿಟ್ರೂ ಸಹಿ ಮಾಡ್ತಾರ. ಮೊನ್ನೆ ನಿಮ್ಮವರು ಬಂದಾಗೂ ಹಿಂಗ ಮಾಡಿದ್ರು."

"ನಮ್ಮವರಾ? ಯಾರು?"

"ಕಾರಿನ್ಯಾಗ ಇಬ್ಬರು ಬಂದಿದ್ರಲ್ರಿ. ಮಲ್ಲಪ್ಪನ ಕಡೆಯವರು ಅಂದ್ರು. ಹಣ್ಣು ತಂದಿದ್ರು. ಒಂದು ಕಾಗದಕ್ಕ ಮಾಮಾರ ಸಹಿ ತಗೊಂಡು ಹೋದ್ರು."

"ಏನು ಕಾಗದ ತಂಗಿ? ನೋಡಿದೇನು?"

"ಇಲ್ರಿ. ನಾ ಚಹಾ ಮಾಡಾಕ ಒಳಗ ಹೋಗಿದ್ದೆ."

ಲಾಯರಮ್ಮನಿಗೆ ಅಲ್ಲಿಂದಲೇ ಫೋನ್ ಹಚ್ಚಿದೆ. ಅವಳಿಗೆ ಆಗಲೇ ಗೊತ್ತಾಗಿತ್ತು. ಎದುರಿನವರು ಅಫಿಡವಿಟ್ ಹಾಕಿದ್ದರು. ಮಲ್ಲಪ್ಪ ಎಂಬವನಿಗೆ ಮಕ್ಕಳಿರಲಿಲ್ಲ, ಅವನ ಯಾವ ವೀಲುನಾಮಾಕ್ಕೂ ನಾನು ಸಾಕ್ಷಿ ಹಾಕಿಲ್ಲ ಎಂದು ವೀರಭದ್ರಪ್ಪ ಮಾಸ್ತರು ಪ್ರಮಾಣ ಮಾಡಿ ಸಹಿ ಮಾಡಿದ್ದಾರೆ. ಮುತ್ತಿನಂಥ ಅಕ್ಷರ. ಕೆಳಗೊಂದು ಗೆರೆ.

ಮಕ್ಕಳಿರಲಿಲ್ಲ! ಆ ಮನುಷ್ಯರ ತಲೆಯಲ್ಲಿ ಉಳಿದ ಒಂದೇ ಒಂದು ಮಾತು, ಇವಳು ಮಲ್ಲಪ್ಪನ ಮಗಳು ಎಂಬುದು. ಅವರ ಕೈಯಿಂದಲೇ ಅದನ್ನು ಇಲ್ಲ ಎಂದು ಬರೆಸಿದ್ದರು.

"ಡಾಕ್ಟರ ಸರ್ಟಿಫಿಕೇಟ್ ತರೋಣ," ಎಂದೆ ಫೋನಿನಲ್ಲಿ. "ಮಾಸ್ತರ ಬುದ್ಧಿ ನೆಟ್ಟಗಿಲ್ಲ ಅಂತ ತೋರಿಸೋಣ. ಅಫಿಡವಿಟ್ ಬಿದ್ದು ಹೋಗತೈತಿ."

"ಬೀಳತೈತಿ ಅಕ್ಕಾ. ಆದ್ರ ಬುದ್ಧಿ ನೆಟ್ಟಗಿಲ್ಲ ಅಂತ ನಾವೇ ತೋರಿಸಿದ್ರ ನಮ್ಮ ಸಾಕ್ಷಿನೂ ಅಲ್ಲಿಗೇ ಮುಗೀತು. ಮ್ಯಾಲೆ ಅವರು, ಬರೆಯುವಾಗೂ ಹಿಂಗೇ ಇದ್ರು ಅಂತಾರ. ಆಮ್ಯಾಲೆ ಕೈಬರಹ ಹೋಲಿಸಾಕ ಹೈದರಾಬಾದಿಗೆ ಕಳಸಬೇಕು." ಆಮೇಲೆ ತೆಲುಗಿಗೆ ಹೊರಳಿ, "ಏಂ ಚೇದ್ದಾಂ ಅಕ್ಕಾ?" ಎಂದಳು. ಏನು ಮಾಡೋಣ ಎಂದು ವಕೀಲರೇ ಕೇಳಿದರೆ ಕಕ್ಷಿದಾರರು ಯಾರನ್ನು ಕೇಳಬೇಕು?

ಆಗುವುದಿಲ್ಲ ಎಂದಲ್ಲವಂತೆ. ಆಗಬಹುದಂತೆ. ವರ್ಷಗಳು ಹಿಡಿಯುತ್ತವಂತೆ. ಅಷ್ಟು ವರ್ಷ ಮಾದೇವಿ ನೇಯುವುದು ಎಲ್ಲಿ? ಅದಕ್ಕೆ ಕಾನೂನಿನಲ್ಲಿ ಉತ್ತರ ಇದ್ದಂತಿಲ್ಲ.

ಇಲ್ಲಿ ನಿಂತು ಒಂದು ಮಾತು ಹೇಳಬೇಕು. ವೀಲುನಾಮಾ ಶ್ರೀಮಂತರ ಕೆಲಸ ಎಂದು ನಾವು ತಿಳಿದಿದ್ದೇವೆ. ಖಂಡಿತ ಅಲ್ಲ. ಗಂಡ, ಮದುವೆಯ ಹೆಂಡತಿ, ಹೆತ್ತ ಮಕ್ಕಳು, ಹೀಗೆ ನೆಟ್ಟಗೆ ಗೆರೆ ಎಳೆದಂಥ ಸಂಸಾರ ಇದ್ದವರು ಬರೆಯದೆ ಸತ್ತರೂ ಕಾನೂನು ಹೇಗೋ ದಾರಿ ಹುಡುಕುತ್ತದೆ. ಅಂಥ ಸಂಸಾರ ಎಷ್ಟಿವೆ ಹೇಳಿ ನೋಡೋಣ? ಉಡಿಕಿಯ ಹೆಂಡತಿ, ಅವಳ ಸೊಂಟದ ಕೂಸು, ಮದುವೆಯಾಗದೆ ತಮ್ಮನ ಮಕ್ಕಳನ್ನು ಸಾಕಿದ ಅಕ್ಕ, ಮುಪ್ಪಿನಲ್ಲಿ ಒಂದೇ ಸೂರಿನಡಿ ಇರುವ ಇಬ್ಬರು ವಿಧವೆ ಗೆಳತಿಯರು, ಸೊಸೆಯೇ ಮಗಳಾಗಿ ಉಳಿದ ಮನೆ. ನಮ್ಮ ಒಂದು ಓಣಿಯಲ್ಲೇ ಇವೆಲ್ಲ ಇವೆ. ಬರೆದಿಡಬೇಕಾದವರು ಇವರು. ಇವರೇ ಬರೆಯುವುದಿಲ್ಲ. ಬರೆದರೂ ಕಾಗದವನ್ನು ನಂಬುವುದಿಲ್ಲ, ಹಿರಿಯರನ್ನು ನಂಬುತ್ತಾರೆ. ಊರಿಗೆಲ್ಲ ಗೊತ್ತಿದೆಯಲ್ಲ ಎನ್ನುತ್ತಾರೆ. ಊರಿಗೆ ಗೊತ್ತಿರುವುದು ಊರ ಜೊತೆಯೇ ಸಾಯುತ್ತದೆ ಎಂಬುದು ಹೊಳೆಯುವುದಿಲ್ಲ.

ಲಾಯರಮ್ಮ ಹೇಳಿದ್ದನ್ನು ನಿಮಗೂ ಹೇಳಿಬಿಡುತ್ತೇನೆ. ಸಾಕ್ಷಿಗೆ ನಿಮಗಿಂತ ಚಿಕ್ಕವರನ್ನು ಕರೆಯಿರಿ. ನಿಮ್ಮ ಆಸ್ತಿಯಲ್ಲಿ ಆಸೆ ಇಲ್ಲದವರನ್ನು ಕರೆಯಿರಿ. ಮೆಟ್ಟಿಲು ಹತ್ತಬಲ್ಲವರನ್ನು ಕರೆದುಕೊಂಡು ಹೋಗಿ ರಿಜಿಸ್ಟ್ರಿ ಮಾಡಿಸಿ. ಹಿರಿಯರಿಗೆ ಕಾಲು ಮುಟ್ಟಿ ನಮಸ್ಕಾರ ಮಾಡಿ, ಸಾಕು. ಮತ್ತು ಹೆಂಗಸರ ಕೈಗೂ ಪೆನ್ನು ಕೊಡಿ. ನಾವು ಹೆಚ್ಚು ದಿನ ಬದುಕುತ್ತೇವೆ, ಸುತ್ತಮುತ್ತ ನೋಡಿದರೆ ತಿಳಿಯುತ್ತದೆ.

ಗದ್ವಾಲದಿಂದ ವಾಪಸ್ ಬರುವಾಗ ನಾನು ಹೋಗುವಾಗಿನ ಟಿಕೆಟ್‌ಗಳನ್ನು ಪರ್ಸಿನಿಂದ ತೆಗೆದು ಸೀಟಿನ ಮೇಲಿಟ್ಟೆ. ಏನು ಧೈರ್ಯ ಹೇಳಲಿ? ಮಾದೇವಿಯೇ ಮಾತಾಡಿದಳು. ಅವಳ ಮುಖದಲ್ಲಿ ಏನೋ ಒಂದು ಕಳೆ ಬಂದಿತ್ತು.

"ಮಾಸ್ತರು ನನ್ನ ಗುರ್ತು ಹಿಡದ್ರು, ನೋಡಿದ್ರಿಲ್ಲಕ್ಕಾ? ನಿಮ್ಮನ್ನ ಹಿಡೀಲಿಲ್ಲ, ಮನ್ಯಾಗಿನ ಸೊಸಿನ್ನ ಹಿಡೀಲಿಲ್ಲ. ನನ್ನ ಹಿಡದ್ರು. ಮಲ್ಲಪ್ಪನ ಮಗಳು ಅಂದ್ರು."

"ಹೂಂ," ಎಂದೆ.

"ಅದಷ್ಟ ಅವರು ಕೋರ್ಟಿನ್ಯಾಗ ಹೇಳಿದ್ರ ಸಾಕಲ್ರಿ?"

ಸಾಲುವುದಿಲ್ಲ ಎಂದು ನಾನು ಹೇಳಲಿಲ್ಲ. ನಮ್ಮಿಬ್ಬರ ನಡುವೆ ಸೊನ್ನೆ ರೂಪಾಯಿಯ ಎರಡು ಟಿಕೆಟ್ ಇದ್ದವು. ಒಂದರ ಮೇಲೆ ಮಾಸ್ತರ ಸಹಿ. ಅದನ್ನು ಅವಳು ಕೇಳಿ ಇಸಿದುಕೊಂಡು ರವಿಕೆಯೊಳಗೆ ಇಟ್ಟುಕೊಂಡಳು.

ಮಕ್ತಲ ಬರುವ ಹೊತ್ತಿಗೆ ಅವಳಿಗೂ ಎಲ್ಲ ಅರ್ಥವಾಗಿತ್ತು ಎನ್ನಿಸುತ್ತದೆ. ಹೊರಗೆ ನೋಡುತ್ತ ಕೇಳಿದಳು. "ಕೋಸಗಿಯವರು ಮಗ್ಗ ಬಿಚ್ಚಿ ಒಯ್ಯಿ ಅಂದಾರಕ್ಕಾ. ಮಗ್ಗ ಬಿಚ್ಚಬಹುದು, ಕಟಗಿ ಹಗ್ಗ ಅಷ್ಟೇ. ಅಪ್ಪ ನನ್ನ ಕಾಲಿಗೆ ತೋಡಿದ ಕುಣಿನ ಹೆಂಗ ಒಯ್ಯಲಿ?"

ಇವತ್ತಿನ ಅಂಕಣ ಓದಿ ಏನಾದರೂ ಸಮಾಧಾನ ಸಿಕ್ಕೀತೆಂದು ಕುಳಿತಿದ್ದರೆ ಕ್ಷಮಿಸಿ, ಈ ವಾರ ನನ್ನಲ್ಲಿ ಸ್ಟಾಕ್ ಇಲ್ಲ.

ಮನೆಗೆ ಬಂದವಳೇ ನಮ್ಮ ಮನೆಯವರಿಗೆ ಎಲ್ಲವನ್ನೂ ಹೇಳಿದೆ. ಅತ್ತುಕೊಂಡೇ ಹೇಳಿದೆ. ನಮ್ಮದೂ ನೆಟ್ಟಗೆ ಗೆರೆ ಎಳೆದ ಸಂಸಾರ ಅಲ್ಲ ನೋಡಿ. ತೀರಿಕೊಂಡ ನನ್ನ ತಂಗಿಯ ಮಗಳು ಪದ್ಮಾಳನ್ನು ನಾವೇ ಬೆಳೆಸಿದ್ದು. ದತ್ತಕದ ಕಾಗದ ಮಾಡಿಸಿಲ್ಲ. ಅವಳು ಇವರನ್ನು ಅಪ್ಪಾ ಎನ್ನುತ್ತಾಳೆ, ಇವರು ಓ ಎನ್ನುತ್ತಾರೆ. ಅಷ್ಟೆ.

ಅವರು ಬಹಳ ಲಕ್ಷ್ಯಗೊಟ್ಟು ಕೇಳಿದರು. ನಡುನಡುವೆ ಛೇ ಛೇ ಎಂದರು. ಮಾಸ್ತರಿಗಾಗಿ ಮರುಗಿದರು. ಕೋಸಗಿಯವರನ್ನು ಬೈದರು. ಕೊನೆಗೆ ಎದ್ದು ನಿಂತು, "ತಡ ಮಾಡೋದು ಬ್ಯಾಡ. ಪದ್ಮಾಗ ಈ ಭಾನುವಾರನ ಬರದ ಬಿಡೋಣ," ಎಂದರು. ನನಗೆ ಜೀವ ಬಂದಂತಾಯಿತು.

"ಸಾಕ್ಷಿಗೆ ಯಾರನ್ನ ಕರೀತೀರಿ?"

"ನಮ್ಮ ದೊಡ್ಡಣ್ಣ ಅದಾನಲ್ಲ. ಅವನ ಬಿಟ್ಟು ಬ್ಯಾರೆಯವರನ್ನ ಕರದ್ರ ನೊಂದ್ಕೊಂತಾನ," ಎಂದು ಆಗಲೇ ಫೋನ್ ಕಿವಿಗೆ ಹಚ್ಚಿದ್ದರು. ದೊಡ್ಡಣ್ಣನಿಗೆ ಎಂಬತ್ತು ಸಮೀಪಿಸಿದೆ. ಕಿವಿ ಕೇಳುವುದಿಲ್ಲ, ಆದ್ದರಿಂದ ಫೋನಿನಲ್ಲಿ ಕಿರುಚಬೇಕು. ಕಿರುಚಿದರು. ಅವತ್ತು ಸಂಜೆಯೇ ಮಾತಾಡಲು ಬರುತ್ತೇನೆ ಎಂದರಂತೆ. ಫೋನ್ ಇಟ್ಟು ನನ್ನ ಕಡೆ ತಿರುಗಿ, "ಅಣ್ಣ ಬರೋ ಹೊತ್ತಿಗೆ ಚಹಾಕ್ಕ ಇಟ್ಟಿರು," ಎಂದರು.

ನಾನು ಒಲೆ ಹಚ್ಚಲಿಲ್ಲ. ಅದರಿಂದ ಮಾದೇವಿಗೆ ಏನು ಬಂತು, ಹೇಳಿ?